ಬಾಗಿಲಿನ ಚಿತ್ರ

ಮನೆಯಲ್ಲಿ ಆ ಹುಡುಗಿಗೆ ದೊರೆಸಾನಿ ಅಂತಲೇ ಹೆಸರು. ಇಟ್ಟವಳು ಅಜ್ಜಿ. ಆರು ವರ್ಷದ ಮಗು ಒಂದೇ ಒಂದು ಮಾತಾಡದೆ ಮೂರು ಜನ ದೊಡ್ಡವರನ್ನು ಬುಗುರಿಯಂತೆ ಆಡಿಸುತ್ತದೆ ಅಂದಮೇಲೆ ಇನ್ನೇನೆಂದು ಕರೆಯುವುದು? ನೀರು ಬೇಕಾದರೆ ತಾಯಿಯ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಆ ಕೈಯನ್ನು ನೀರಿನ ಕಡೆಗೆ ಎಸೆಯುತ್ತಿದ್ದಳು. ತಾಯಿಯ ಮುಖದ ಕಡೆ ನೋಡುತ್ತಲೂ ಇರಲಿಲ್ಲ. ಎಸೆದ ಕೈ ಬೇಕಾದ ವಸ್ತುವಿನ ಮೇಲೆ ಬಿತ್ತೋ, ಎಲ್ಲರೂ ಬದುಕಿದಂತೆ. ಬೀಳದಿದ್ದರೆ ದೊರೆಸಾನಿ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಚರ್ಮ ದಪ್ಪಗಾಗಿ ಕಂದಿಹೋಗಿತ್ತು.

ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದು ಡಾಕ್ಟರು ಹೇಳಿ ವರ್ಷಗಳಾಗಿದ್ದವು. ಹೆಸರು ಗೊತ್ತಾದ ಮಾತ್ರಕ್ಕೆ ಕೆಲಸ ಕಡಿಮೆಯಾಗುತ್ತದೆಯೇ? ತಾಯಿ ಮನೆಯಲ್ಲೇ ಯಂತ್ರ ಇಟ್ಟುಕೊಂಡು ರಿಪೇರಿ ಹೊಲಿಗೆ ಮಾಡುತ್ತಿದ್ದಳು. ಕೆಟ್ಟ ಜಿಪ್ಪು ಬದಲಿಸುವುದು, ಉದ್ದವಾದ ಪ್ಯಾಂಟಿನ ಕಾಲು ಮಡಚುವುದು, ದಪ್ಪಗಾದವರ ಸೊಂಟ ಬಿಡುವುದು, ತೆಳ್ಳಗಾಗಿಯೇ ತೀರುತ್ತೇವೆ ಎಂದು ನಂಬಿದವರ ಸೊಂಟ ಹಿಡಿಯುವುದು, ಹೀಗೆ. ಬೀದಿಯವರ ಬಾಯಲ್ಲಿ ಅವಳು ‘ಹೊಲಿಗೆಯವಳು’. ಗಂಡನಿಗೆ ಬ್ರೆಡ್ಡು-ಬಿಸ್ಕತ್ತಿನ ಕಾರ್ಖಾನೆಯಲ್ಲಿ ರಾತ್ರಿಪಾಳಿ. ಹಗಲೆಲ್ಲ ಒಳಕೋಣೆಯಲ್ಲಿ ನಿದ್ದೆ. ಅವನ ನಿದ್ದೆ ಕೆಡದ ಹಾಗೆ ಮನೆಯವರೆಲ್ಲ ಬೆಕ್ಕಿನ ಹೆಜ್ಜೆ ಇಡಬೇಕು. ಅತ್ತೆಗೆ ಮಂಡಿನೋವು. ಮೂರನೆಯ ಮಹಡಿಯ ಆ ಮನೆಯಿಂದ ಆಕೆ ಕೆಳಗಿಳಿಯುತ್ತಿದ್ದುದು ವಾರಕ್ಕೊಮ್ಮೆ, ಮೊಮ್ಮಗಳನ್ನು ಮೇಷ್ಟ್ರ ಹತ್ತಿರ ಕರೆದೊಯ್ಯುವ ದಿನ ಮಾತ್ರ, ಅದೂ ಮೆಟ್ಟಿಲಿಗೊಂದು ಶಾಪ ಹಾಕುತ್ತ.

ಮೇಷ್ಟ್ರು ಇದ್ದದ್ದು ಎರಡು ಬಸ್ಸು ಬದಲಿಸಿ ಹೋಗಬೇಕಾದ ಒಂದು ಕೇಂದ್ರದಲ್ಲಿ. ಇಂಥ ಮಕ್ಕಳಿಗೆ ಕೇಳುವುದನ್ನು, ಹೇಳುವುದನ್ನು, ಇನ್ನೊಬ್ಬರ ಜೊತೆ ಆಡುವುದನ್ನು ಕಲಿಸುವುದು ಅವರ ಕೆಲಸ. ಸಣಕಲು ಮನುಷ್ಯ. ವರ್ಷವಿಡೀ ನೆಗಡಿ. ಮೊದಲ ದಿನ ಅವರು ಒಂದು ಗಂಟೆ ತಾಯಿಮಗಳನ್ನು ಸುಮ್ಮನೆ ನೋಡುತ್ತ ಕೂತಿದ್ದು ಆಮೇಲೆ ಹೇಳಿದರು:

“ನೀವು ಮಗಳನ್ನ ತುಂಬ ಚೆನ್ನಾಗಿ ಅರ್ಥ ಮಾಡ್ಕೊಂಡಿದೀರ, ತಾಯಿ. ತೊಂದ್ರೆ ಇರೋದೇ ಅಲ್ಲಿ. ಕೇಳೋಕೆ ಮುಂಚೇನೇ ಎಲ್ಲ ಸಿಗುತ್ತೆ ಅಂದ್ರೆ ಅವಳು ಯಾಕೆ ಕೇಳ್ಬೇಕು?”

ಹೊಲಿಗೆಯವಳಿಗೆ ಇದನ್ನು ಹೊಗಳಿಕೆ ಅಂದುಕೊಳ್ಳಬೇಕೋ ಬೈಗುಳವೋ ತಿಳಿಯಲಿಲ್ಲ. ಹಡೆದವಳಿಗೆ ‘ನೀನು ಮಗುವನ್ನು ಜಾಸ್ತಿ ಅರ್ಥಮಾಡಿಕೊಂಡೆ’ ಎನ್ನುವವರನ್ನು ಅವಳು ಅದೇ ಮೊದಲು ನೋಡಿದ್ದು.

ಮೇಷ್ಟ್ರ ಪಾಠ ಹೀಗಿತ್ತು. ಬಿಸ್ಕತ್ತಿನ ಒಂದು ಸಣ್ಣ ಚಿತ್ರ. ತಾಯಿ ಒಂದು ಕೈಯಲ್ಲಿ ನಿಜವಾದ ಬಿಸ್ಕತ್ತು ಹಿಡಿದು, ಇನ್ನೊಂದು ಕೈ ಚಾಚಿ, ಮಗುವಿನ ಎದುರು ಕೂರಬೇಕು. ಮಗುವಿನ ಹಿಂದೆ ಇನ್ನೊಬ್ಬರು ಕೂತು, ಅವಳು ಬಿಸ್ಕತ್ತಿಗೆ ಕೈ ಹಾಕಿದ ಕೂಡಲೇ ಆ ಕೈ ಹಿಡಿದು ಚಿತ್ರವನ್ನು ಎತ್ತಿಸಿ ತಾಯಿಯ ಅಂಗೈಗೆ ಇಡಿಸಬೇಕು. ಚಿತ್ರ ಅಂಗೈಗೆ ಬಿತ್ತೋ, ಬಿಸ್ಕತ್ತು ಆ ಕ್ಷಣ ಮಗುವಿನ ಕೈಗೆ. ಯಾಕೆ, ಏನು, ಎಷ್ಟು ಅನ್ನುವ ಪ್ರಶ್ನೆಯೇ ಇಲ್ಲ. ಹಿಂದೆ ಕೂತವರು ಮಾತ್ರ ತುಟಿ ಪಿಟಕ್ಕೆನ್ನಬಾರದು. ಅವರು ಬರೀ ಕೈ, ಬಾಯಿಯಲ್ಲ.

ಹಿಂದೆ ಕೂರುವ ಪಾಲು ಅತ್ತೆಗೆ ಬಂತು. ಹುಟ್ಟಿದಾಗಿನಿಂದ ಬಾಯಿಗೆ ಬೀಗ ಕಂಡವಳಲ್ಲ ಆಕೆ.

“ಮಗೂಗೆ ಇಸ್ಪೀಟು ಕಲಿಸೋಕೆ ಎರಡು ಬಸ್ಸು ಹತ್ತಿ ಬರ್ಬೇಕಿತ್ತಾ?” ಅಂದಳು, ಮೇಷ್ಟ್ರಿಗೆ ಕೇಳಿಸುವಂತೆಯೇ.

ಅಂದಳೇ ಹೊರತು ಕೂತಳು. ತಿಂಗಳುಗಟ್ಟಲೆ ಕೂತಳು. ಗಂಡ ಕಾರ್ಖಾನೆಯಿಂದ ತಂದ ಮುರುಕು ಬಿಸ್ಕತ್ತು ಹಿಡಿದು ಸೊಸೆ ಮುಂದೆ, ಮಂಡಿಯ ಕೆಳಗೆ ದಿಂಬು ಇಟ್ಟುಕೊಂಡು ಅತ್ತೆ ಹಿಂದೆ, ನಡುವೆ ದೊರೆಸಾನಿ. ಕಲ್ಲಿನ ಮೇಲೆ ನೀರು ಹೊಯ್ದ ಹಾಗೆ ಆಗುತ್ತಿತ್ತು. ಹೊಲಿಗೆ ಬಾಕಿ ಬೀಳುತ್ತಿತ್ತು, ಬೆನ್ನು ಬಿದ್ದು ಹೋಗುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಅತ್ತೆಯ ಕೈ ಮೇಲೇಳುವ ಮುಂಚೆಯೇ ಹುಡುಗಿ ತಾನಾಗಿ ಚಿತ್ರ ಎತ್ತಿ ತಾಯಿಯ ಅಂಗೈಗೆ ಇಟ್ಟಳು. ಹಿಂದೆ ಕೂತ ಅತ್ತೆ ನಿಯಮ ಮುರಿಯಲಿಲ್ಲ. ಸದ್ದಿಲ್ಲದೆ ತೋಳಿನಿಂದ ಕಣ್ಣು ಒರೆಸಿಕೊಂಡಳು.

ಒಂದರ ಹಿಂದೆ ಒಂದು ಚಿತ್ರಗಳು ಬಂದವು. ನೀರು, ಕಂಬಳಿ, ನೆಲದ ಮೇಲೆ ತಿರುಗಿಸುವ ಡಬ್ಬದ ಮುಚ್ಚಳ, ಸ್ನಾನ. ಹೊಲಿಗೆಯವಳು ರಟ್ಟಿಗೆ ಬಟ್ಟೆ ಸುತ್ತಿ, ಮೇಲೆ ವೆಲ್ಕ್ರೋ ಅಂಟುಪಟ್ಟಿ ಹೊಲಿದು ಒಂದು ಹಲಗೆ ಮಾಡಿ, ಹುಡುಗಿಯ ಕೈಗೆ ಎಟಕುವಷ್ಟು ಕೆಳಗೆ ಮೊಳೆ ಹೊಡೆದು ತೂಗುಹಾಕಿದಳು. ಬೇಕಾದ ಚಿತ್ರವನ್ನು ಚರ್ರೆಂದು ಕಿತ್ತು ತಂದು ಕೊಟ್ಟರೆ ಆಯಿತು. ಕೈ ಕಚ್ಚಿಕೊಳ್ಳುವುದು ಕಡಿಮೆಯಾಯಿತು. ಮನೆಯಲ್ಲಿ ಎಲ್ಲರೂ ಒಂದಿಷ್ಟು ಉಸಿರಾಡಿದರು.

ಆಮೇಲೆ ಬಂದದ್ದು ಬಾಗಿಲು.

ಬಾಗಿಲಿನ ಚಿತ್ರ ಅಂದರೆ ಹೊರಗೆ. ಹೊರಗೆ ಅಂದರೆ ಹಿಂದಿನ ಗಲ್ಲಿ. ಅಲ್ಲಿ ಯಾವತ್ತೋ ಮುಚ್ಚಿಹೋದ ಅಂಗಡಿಗಳ ಸಾಲು, ಎಲ್ಲಕ್ಕೂ ಇಳಿಬಿಟ್ಟ ಷಟರ್. ಆ ತಗಡಿನ ಏಣುಗಳ ಮೇಲೆ ಬೆರಳಾಡಿಸಿಕೊಂಡು, ಟರ್ರ್ ಎನ್ನುವ ಸದ್ದು ಕೇಳುತ್ತ ಸಾಲಿನ ಈ ತುದಿಯಿಂದ ಆ ತುದಿಗೆ ಹೋದರೆ ದೊರೆಸಾನಿಗೆ ಸ್ವರ್ಗಕ್ಕೆ ಮೂರೇ ಗೇಣು. ಮೊದಲ ಸಲ ಆ ಚಿತ್ರ ತಂದು ಕೊಡುವಾಗ ಹುಡುಗಿ ಇನ್ನೊಂದು ಕೆಲಸ ಮಾಡಿದಳು. ತಾಯಿಯ ಮುಖ ನೋಡಿದಳು. ಕೊಟ್ಟದ್ದು ತಲುಪಿತೋ ಇಲ್ಲವೋ ಎಂದು ನೋಡುವ ನೋಟ ಅದು. ಹೊಲಿಗೆಯವಳು ಜಿಪ್ಪು ಅರ್ಧಕ್ಕೇ ಬಿಟ್ಟು ಓಡಿದಳು. ಅವತ್ತು ಮೂರು ಮಹಡಿ ಇಳಿದದ್ದು ಅವಳ ಕಾಲಿಗೆ ಗೊತ್ತಾಗಲಿಲ್ಲ.

ಆಮೇಲಾಮೇಲೆ ಗೊತ್ತಾಯಿತು. ಗಲ್ಲಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮತ್ತೆ ಬಾಗಿಲು. ಊಟಕ್ಕೆ ಕೂತರೆ ಬಾಗಿಲು. ಸೂಜಿಗೆ ದಾರ ಪೋಣಿಸಿದರೆ ಬಾಗಿಲು. ಮಾತು ಬಂದ ಮಕ್ಕಳು ಹೊಸದರಲ್ಲಿ ವಟವಟ ಅನ್ನುತ್ತವಲ್ಲ, ಇದೂ ಅದೇ. ದೊರೆಸಾನಿಗೆ ಕೈಯೇ ಬಾಯಿ. ಮೇಷ್ಟ್ರನ್ನು ಕೇಳಿದರೆ, “ಇನ್ನೊಂದಷ್ಟು ದಿನ ಕೇಳಿದಾಗೆಲ್ಲ ಹೋಗಿ, ತಾಯಿ. ಕೇಳಿದ್ರೆ ಸಿಗುತ್ತೆ ಅನ್ನೋದು ಮನಸ್ಸಲ್ಲಿ ಗಟ್ಟಿ ಆಗ್ಲಿ. ಕಾಯೋದನ್ನ ಆಮೇಲೆ ಕಲಿಸೋಣ,” ಅಂದರು. ಮೇಷ್ಟ್ರಿಗೇನು, ಅವರ ಕೇಂದ್ರ ಇರುವುದು ನೆಲಮಾಳಿಗೆಯಲ್ಲಿ.

ಹೊಲಿಗೆಯವಳು ಇಳಿದಳು, ಹತ್ತಿದಳು. ರಾತ್ರಿ ಹಾಸಿಗೆಗೆ ಬಿದ್ದಾಗ ಕಾಲುಗಳು ತಮ್ಮಷ್ಟಕ್ಕೆ ತಾವು ಇನ್ನೂ ಇಳಿಯುತ್ತಲೇ ಇರುತ್ತಿದ್ದವು.

ಹೀಗಿರುವಾಗ ಒಂದು ಮಧ್ಯಾಹ್ನ. ಹತ್ತಿರದ ಆಸ್ಪತ್ರೆಯ ನರ್ಸುಗಳ ಉಡುಪು ರಾಶಿ ಬಿದ್ದಿತ್ತು. ಎಲ್ಲಕ್ಕೂ ಬೆನ್ನಿನ ಜಿಪ್ಪು ಬಿಚ್ಚಿ ಹೊಸದು ಹಾಕಬೇಕು, ಬೆಳಿಗ್ಗೆ ಅವರ ಕಡೆಯವರು ಬರುತ್ತಾರೆ. ಹೊಲಿಗೆಯವಳಿಗೆ ಒಳಜ್ವರ. ದೊರೆಸಾನಿಯನ್ನು ಗಲ್ಲಿಗೆ ಕರೆದೊಯ್ದು ಆಗಿತ್ತು, ಮತ್ತೊಮ್ಮೆ ಆಗಿತ್ತು. ಹುಡುಗಿ ಸ್ನಾನದ ಮನೆ ಕಡೆ ಹೋದ ಹೊತ್ತಿನಲ್ಲಿ ತಾಯಿ ಎದ್ದು ಹಲಗೆಯಿಂದ ಬಾಗಿಲಿನ ಚಿತ್ರ ಕಿತ್ತಳು. ದಾರದ ಉಂಡೆಗಳ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಸಂಜೆಯ ತನಕ ಅಷ್ಟೇ, ಸಂಜೆ ಮತ್ತೆ ಅಂಟಿಸುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಯಾರಿಗೆ ಹೇಳುವುದಿದ್ದರೂ ಅದನ್ನೇ ಹೇಳುತ್ತಿದ್ದಳು.

ದೊರೆಸಾನಿ ಬಂದಳು. ಹಲಗೆಯ ಮುಂದೆ ನಿಂತಳು. ಖಾಲಿ ಜಾಗದ ಮೇಲೆ ಬೆರಳಿಟ್ಟು ಆ ಅಂಟುಪಟ್ಟಿಯನ್ನು ಸವರಿದಳು. ಹಲಗೆಯ ಹಿಂದೆ ನೋಡಿದಳು, ನೆಲದ ಮೇಲೆ ನೋಡಿದಳು. ಆಮೇಲೆ ಬಿಸ್ಕತ್ತಿನ ಚಿತ್ರ ಕಿತ್ತು ತಂದು ತಾಯಿಗೆ ಕೊಟ್ಟಳು. ತಾಯಿಗೆ ಸಮಾಧಾನವಾಯಿತು, ಬಿಸ್ಕತ್ತು ಕೊಟ್ಟಳು. ಹುಡುಗಿ ಬಿಸ್ಕತ್ತನ್ನು ತಿನ್ನದೆ ಯಂತ್ರದ ಪಕ್ಕ ಇಟ್ಟು ನಿಂತಳು. ಹೋಗಿ ನೀರಿನ ಚಿತ್ರ ತಂದಳು. ತಾಯಿ ನೀರು ಕೊಟ್ಟಳು. ಆ ಲೋಟವನ್ನೂ ಬಿಸ್ಕತ್ತಿನ ಪಕ್ಕ ಇಟ್ಟಳು. ಚಿತ್ರ ತಂದು ಕೇಳಿದ ಕಂಬಳಿಯೂ ಅಲ್ಲೇ, ಮುಚ್ಚಳವೂ ಅಲ್ಲೇ. ಕೊನೆಗೆ ಉಳಿದದ್ದು ಸ್ನಾನ. ತಾಯಿ ಅವಳನ್ನು ಒಳಗೆ ಕರೆದೊಯ್ದು ನಲ್ಲಿ ಬಿಟ್ಟಳು. ಹುಡುಗಿ ಮೈಗೆ ನೀರು ತಾಗಿಸದೆ, ನೀರು ಬೀಳುವುದನ್ನು ನೋಡುತ್ತ ಒಂದಿಷ್ಟು ಹೊತ್ತು ನಿಂತಿದ್ದು ಹೊರಗೆ ಬಂದಳು. ಹಲಗೆ ಬರಿದಾಗಿತ್ತು. ತನಗೆ ಗೊತ್ತಿದ್ದ ಮಾತನ್ನೆಲ್ಲ ಹುಡುಗಿ ಆಡಿ ಮುಗಿಸಿದ್ದಳು.

ಅವಳು ಅಳಲಿಲ್ಲ. ಮೇಜಿನ ಕೆಳಗೆ ಹೋಗಿ ಕೂತು ಕೈ ಕಚ್ಚಿಕೊಂಡಳು.

ಹೊಲಿಗೆಯವಳು ಡಬ್ಬಿ ಬುಡಮೇಲು ಮಾಡಿ, ದಾರದ ಉಂಡೆಗಳೆಲ್ಲ ಉರುಳಿಹೋಗುತ್ತಿರಲು, ಬಾಗಿಲಿನ ಚಿತ್ರ ಹುಡುಕಿ ಮೇಜಿನ ಕೆಳಗೆ ಚಾಚಿದಳು. ದೊರೆಸಾನಿ ತೆಗೆದುಕೊಳ್ಳಲಿಲ್ಲ. ತಾಯಿ ಅವಳನ್ನು ಎತ್ತಿಕೊಂಡೇ ಗಲ್ಲಿಗೆ ಹೋದಳು. ಷಟರುಗಳ ಸಾಲಿನುದ್ದಕ್ಕೂ ಹುಡುಗಿ ಮುಷ್ಟಿ ಬಿಚ್ಚದೆ ನಡೆದಳು.

ತಾಯಿ ಚಿತ್ರಗಳನ್ನೆಲ್ಲ ಮತ್ತೆ ಹಲಗೆಗೆ ಅಂಟಿಸಿದಳು. ಅವತ್ತಿನಿಂದ ದೊರೆಸಾನಿ ಅದರ ಹತ್ತಿರ ಸುಳಿಯಲಿಲ್ಲ. ಬಾಗಿಲಷ್ಟೇ ಅಲ್ಲ, ಬಿಸ್ಕತ್ತೂ ಇಲ್ಲ, ನೀರೂ ಇಲ್ಲ. ಹಳೆಯ ಹಾಗೆ ಮಣಿಕಟ್ಟು ಹಿಡಿದು ಎಳೆಯುವುದನ್ನೂ ಬಿಟ್ಟಳು. ಬಾಯಾರಿದರೆ ಸ್ನಾನದ ಮನೆಯ ನಲ್ಲಿಗೆ ಬಾಯಿಟ್ಟು ಕುಡಿಯುತ್ತಿದ್ದಳು. ಹಸಿವಾದರೆ ಕಚ್ಚಿಕೊಳ್ಳುತ್ತಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಇಲ್ಲಿ ಕುಂಬಾರನೂ ತಾಯಿಯೇ, ದೊಣ್ಣೆಯೂ ತಾಯಿಯೇ. ಗಂಡನಿಗೆ ಹೇಳಿದಳು. ಅವನು ಅರೆನಿದ್ದೆಯಲ್ಲಿ, “ನಾನಾಗಿದ್ರೆ ಹಲಗೇನೇ ಎಸೀತಿದ್ದೆ, ಬಿಡು,” ಅಂದು ಮಗ್ಗುಲು ಬದಲಿಸಿದ. ಸಮಾಧಾನ ಹೇಳಿದ್ದೇ ಅದು, ಪಾಪ. ಅವಳಿಗೆ ಮಾತ್ರ ಅದು ಹತ್ತಲಿಲ್ಲ.

ಅತ್ತೆಗೆ ಹೇಳಲಿಲ್ಲ. ಅತ್ತೆಯೂ ಕೇಳಲಿಲ್ಲ.

ಕೇಂದ್ರಕ್ಕೆ ಹೋದ ದಿನ ಮೇಷ್ಟ್ರು ಬಿಸ್ಕತ್ತು ಹಿಡಿದು ಕೈ ಚಾಚಿ ಕೂತರು. ದೊರೆಸಾನಿ ಗೋಡೆಗೆ ಮುಖ ಮಾಡಿ ಕೂತಳು. ಅರ್ಧ ಗಂಟೆಯಾದ ಮೇಲೆ ಅವರು ಮೂಗು ಒರೆಸಿಕೊಂಡು ಕೇಳಿದರು, “ಮನೇಲಿ ಏನಾದ್ರೂ ಬದಲಾಯ್ತಾ, ತಾಯಿ? ಯಾರಾದ್ರೂ ಬಂದಿದ್ರಾ, ಹುಷಾರಿರ್ಲಿಲ್ವಾ, ಚಿತ್ರ ಏನಾದ್ರೂ ಕಳೆದುಹೋಯ್ತಾ?”

“ಇಲ್ಲ ಸಾರ್,” ಅಂದಳು ಹೊಲಿಗೆಯವಳು. “ಏನೂ ಇಲ್ಲ. ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಲು.”

ಮೇಷ್ಟ್ರು ಹಿಂದೆ ಕೂತಿದ್ದ ಅತ್ತೆಯ ಕಡೆ ನೋಡಿದರು. ಅತ್ತೆ ತನ್ನ ಮಂಡಿ ನೀವಿಕೊಳ್ಳುತ್ತಿದ್ದಳು.

ಹೊರಗೆ ಬಂದು, ಮಗುವಿಗೆ ಚಪ್ಪಲಿ ಹಾಕಿಸುವಾಗ ಅತ್ತೆ ಸಣ್ಣ ದನಿಯಲ್ಲಿ ಅಂದಳು, “ನಾನು ನೋಡಿದೆ.”

ಹೊಲಿಗೆಯವಳ ಕೈ ಚಪ್ಪಲಿಯ ಪಟ್ಟಿಯ ಮೇಲೇ ನಿಂತಿತು.

“ಆ ದಿನ ನಾನು ಕಿಟಕಿ ಹತ್ರ ಇದ್ದೆ, ಹಳೇ ಅಂಗಿ ಗುಂಡಿ ಆರಿಸ್ತಾ. ನೀನು ಡಬ್ಬಿಗೆ ಹಾಕಿದ್ದು ನೋಡಿದೆ.”

“ಮತ್ತೆ ಒಳಗೆ ಯಾಕೆ ಹೇಳ್ಲಿಲ್ಲ ನೀವು?”

“ಹಿಂದೆ ಕೂತೋರು ಮಾತಾಡಬಾರದು ಅಂತ ನಿಮ್ಮ ಮೇಷ್ಟ್ರೇ ಹೇಳಿದಾರಲ್ಲ. ನಾನು ಕಲಿತಿದ್ದು ಅದೊಂದೇ,” ಅಂದಳು ಅತ್ತೆ. “ಹೇಳೋದಿದ್ರೆ ನೀನೇ ಹೇಳ್ಬೇಕು. ಈಗಲೇ ಹೋಗು. ಬಸ್ಸು ಹೋದ್ರೆ ಇನ್ನೊಂದು ಬರುತ್ತೆ.”

ಅವಳು ಒಳಗೆ ಹೋದಳು. ಮೇಷ್ಟ್ರು ಒಬ್ಬರೇ ಚಿಕ್ಕ ಕುರ್ಚಿಯ ಮೇಲೆ, ಮಕ್ಕಳ ಕುರ್ಚಿಯ ಮೇಲೆ, ಮಂಡಿ ಎದೆಗೆ ತಾಗುವ ಹಾಗೆ ಕೂತು, ಹುಡುಗಿ ಮುಟ್ಟದೆ ಬಿಟ್ಟ ಬಿಸ್ಕತ್ತನ್ನು ತಿನ್ನುತ್ತಿದ್ದರು. ಅವರೂ ಊಟ ಮಾಡಿರಲಿಲ್ಲ ಅಂತ ಕಾಣುತ್ತದೆ. ಹೊಲಿಗೆಯವಳು ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಡಬ್ಬಿ, ನರ್ಸುಗಳ ಉಡುಪು, ಯಂತ್ರದ ಪಕ್ಕ ಬಿದ್ದ ಬಿಸ್ಕತ್ತು, ಲೋಟ, ಕಂಬಳಿ, ಮುಚ್ಚಳ. ಸ್ನಾನದ ಮನೆಯ ನಲ್ಲಿಯ ವಿಷಯವನ್ನು ಕೊನೆಗೆ ಹೇಳಿದಳು.

“ಬೈದುಬಿಡಿ ಸಾರ್,” ಅಂದಳು.

“ಯಾರನ್ನ ಬೈಲಿ? ಕಾಯೋದನ್ನ ಕಲಿಸದೆ ಬಾಗಿಲು ಕೊಟ್ಟಿದ್ದು ನಾನು. ಆ ಮೆಟ್ಟಿಲು ನಾನು ಹತ್ತಿ ನೋಡಿರ್ಲಿಲ್ಲ.” ಅವರು ಅಂಗೈಯಲ್ಲಿದ್ದ ಪುಡಿ ಕೊಡವಿದರು. “ನಾವಾದ್ರೆ ‘ಯಾಕೆ ಕಿತ್ಕೊಂಡೆ’ ಅಂತ ಜಗಳ ಆಡ್ತೀವಿ. ಅವಳಿಗೆ ಆ ಮಾತಿಗೆ ಚಿತ್ರ ಇಲ್ಲ. ಕೇಳಿದ್ರೆ ಮಾತನ್ನೇ ಕಿತ್ಕೋತಾರೆ ಅಂತ ತಿಳ್ಕೊಂಡ್ಲು. ಅಷ್ಟೇ.”

“ಮತ್ತೆ ಕೇಳ್ತಾಳಾ?”

“ಗೊತ್ತಿಲ್ಲ, ತಾಯಿ. ಕೇಳಬಹುದು. ಕೇಳದೇನೂ ಇರಬಹುದು.”

ಈ ಮೇಷ್ಟ್ರಿಗೆ ಸುಳ್ಳು ಹೇಳಿ ಕಳಿಸುವುದು ಬರುತ್ತಿರಲಿಲ್ಲ. ಮಾಡಬೇಕಾದದ್ದನ್ನು ಮಾತ್ರ ಹೇಳಿದರು. ಹಲಗೆಯಿಂದ ಇನ್ನು ಯಾರೂ, ಯಾವ ಕಾರಣಕ್ಕೂ, ಏನನ್ನೂ ತೆಗೆಯಬಾರದು. ದಿನಾ ಒಂದು ಹೊತ್ತು ಹಲಗೆಯ ಪಕ್ಕ ನೆಲದ ಮೇಲೆ ಕೈ ಚಾಚಿ ಕೂರಬೇಕು. ಕರೆಯಬಾರದು, ಗೋಗರೆಯಬಾರದು, ಆಸೆ ತೋರಿಸಬಾರದು. ಅವಳು ಕೊಟ್ಟರೆ ಕೊಟ್ಟಳು.

ಹೊಲಿಗೆಯವಳು ಕೂತಳು. ಮಧ್ಯಾಹ್ನದ ಹೊತ್ತು, ಹಲಗೆಯ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಬಲಗೈಯನ್ನು ನೆಲದ ಮೇಲೆ ಚಾಚಿ, ಅಂಗೈ ಮೇಲಾಗಿ. ಕಿಟಕಿಯ ಹತ್ತಿರ ಅತ್ತೆ ಹಳೇ ಅಂಗಿಗಳಿಂದ ಬಿಚ್ಚಿದ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು. ಒಳಗೆ ಗಂಡನ ಗೊರಕೆ. ದೊರೆಸಾನಿ ಅವಳ ಚಾಚಿದ ಕೈಯನ್ನು ದಾಟಿಕೊಂಡು ಓಡಾಡುತ್ತಿದ್ದಳು, ಅದು ನೆಲದ ಮೇಲೆ ಬಿದ್ದ ಬಟ್ಟೆ ಎಂಬಂತೆ. ಕೆಲವು ದಿನ ಹೊಲಿಗೆಯವಳು ಕೂತಲ್ಲೇ ತೂಕಡಿಸುತ್ತಿದ್ದಳು. ಒಂದು ದಿನ ಅವಳಿಗೆ ಮಗಳ ಮೇಲೆ ಕೆಟ್ಟ ಸಿಟ್ಟು ಬಂತು. ವರ್ಷಗಟ್ಟಲೆ ನಿನ್ನ ಮನಸ್ಸಿನ ಊಳಿಗ ಮಾಡಿದ್ದಕ್ಕೆ ಲೆಕ್ಕವಿಲ್ಲ, ಒಂದು ಮಧ್ಯಾಹ್ನದ ತಪ್ಪು ಮಾತ್ರ ನಿನಗೆ ನೆನಪು, ಎಷ್ಟು ಹಟವೇ ತಾಯಿ ನಿನಗೆ ಎಂದು ಒಳಗೊಳಗೇ ಬೈದಳು. ಬೈದು ಮುಗಿದ ಮೇಲೆ ದಣಿವಷ್ಟೇ ಉಳಿಯಿತು. ಕೈ ಹಾಗೇ ಇಟ್ಟುಕೊಂಡು ಕೂತಳು.

ಆ ದಣಿವಿಗೆ ನಿದ್ದೆ ಮದ್ದಲ್ಲ. ಇಂಥ ಮಕ್ಕಳ ತಾಯಂದಿರನ್ನು ಕೇಳಿದರೆ ಹೇಳುತ್ತಾರೆ, ಮೈ ದಣಿದರೆ ಮಲಗಬಹುದು, ಕಾದು ದಣಿದರೆ ಏನು ಮಾಡುವುದು ಎಂದು. ಹೊಲಿಗೆಯವಳಿಗೆ ಈಗ ಬೇರೆ ಆಸೆ ಉಳಿದಿರಲಿಲ್ಲ. ಮಗಳು ಮಾತಾಡಲಿ, ಶಾಲೆಗೆ ಹೋಗಲಿ ಎನ್ನುವ ದೊಡ್ಡ ಆಸೆಗಳೆಲ್ಲ ಎಲ್ಲೋ ಬಿದ್ದುಹೋಗಿದ್ದವು. ಮಗಳು ತನ್ನನ್ನು ಇನ್ನೊಮ್ಮೆ ಏನಾದರೂ ಕೇಳಬೇಕು, ಅಷ್ಟೇ.

ದಿನಗಳು ಹೀಗೇ ಹೋದವು. ಒಂದು ಮಧ್ಯಾಹ್ನ ದೊರೆಸಾನಿ ಹಲಗೆಯ ಮುಂದೆ ಬಂದು ನಿಂತಳು.

ಹೊಲಿಗೆಯವಳಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕಣ್ಣಂಚಿನಲ್ಲಿ ಹುಡುಗಿಯ ಬೆರಳು ಬಾಗಿಲಿನ ಚಿತ್ರದ ಅಂಚನ್ನು ಕೆರೆಯುವುದು ಕಂಡಿತು. ಕೆರೆದು ಬಿಟ್ಟಿತು. ಮತ್ತೆ ಕೆರೆಯಿತು. ಚರ್ರ್ ಎಂದು ಅಂಟುಪಟ್ಟಿ ಬಿಟ್ಟುಕೊಂಡ ಸದ್ದು ಕೇಳಿತು.

ತಾಯಿಯ ಅಂಗೈ ಹುಡುಗಿಯಿಂದ ಒಂದು ಗೇಣು ದೂರದಲ್ಲಿತ್ತು. ದೊರೆಸಾನಿ ಆ ಕೈಯನ್ನು ನೋಡಿದಳು. ನೋಡಿ, ಅದರ ಪಕ್ಕದಿಂದಲೇ ಹಾದು, ಕೋಣೆ ದಾಟಿ ಕಿಟಕಿಯ ಹತ್ತಿರ ಹೋದಳು. ಅಜ್ಜಿಯ ಕೈಯಲ್ಲಿದ್ದ ಗುಂಡಿಗಳನ್ನು ಕೊಡವಿ ಬೀಳಿಸಿ, ಬರಿದಾದ ಅಂಗೈಗೆ ಚಿತ್ರ ಇಟ್ಟಳು.

ಗುಂಡಿಗಳು ನೆಲದ ಮೇಲೆ ಉರುಳುತ್ತ ಹೋದವು. ಅತ್ತೆ ಸೊಸೆಯ ಮುಖ ನೋಡಿದಳು.

ಹೊಲಿಗೆಯವಳು ಎದ್ದುನಿಂತಳು. “ಕೊಡಿ ಅತ್ತೆ, ನಾನು ಕರ್ಕೊಂಡು ಹೋಗ್ತೀನಿ. ನಿಮ್ಮ ಕೈಲಿ ಮೆಟ್ಟಿಲು ಇಳಿಯೋಕಾಗಲ್ಲ.”

“ಸುಮ್ನಿರು,” ಅಂದಳು ಅತ್ತೆ. ಗೋಡೆ ಹಿಡಿದುಕೊಂಡು ಎದ್ದಳು. “ನನ್ನ ಕೈಗೆ ಕೊಟ್ಟಿದಾಳೆ. ನಾನೇ ಹೋಗ್ಬೇಕು.”

“ಬೀಳ್ತೀರಿ.”

“ಬಿದ್ರೆ ಎತ್ತೋಕೆ ಬಾ. ಅಲ್ಲೀತನಕ ಬರಬೇಡ.” ಬಾಗಿಲ ಹತ್ತಿರ ಹೋಗಿ ಚಪ್ಪಲಿಗೆ ಕಾಲು ತೂರಿಸುತ್ತ, ಸೊಸೆಯ ಕಡೆ ತಿರುಗದೆ, ಆದಷ್ಟು ಮೆತ್ತಗೆ ಅಂದಳು, “ನಿನ್ನ ಕೈಗೂ ಕೊಡ್ತಾಳೆ ಕಣೇ. ಇವತ್ತಲ್ಲ.”

ಇಬ್ಬರೂ ಹೊರಟರು. ಮೆಟ್ಟಿಲ ಮೇಲೆ ಅತ್ತೆಯ ಕಾಲಿನ ಸದ್ದು, ಒಂದು ಕಾಲು ಇಟ್ಟು ಇನ್ನೊಂದು ಕಾಲನ್ನು ಅದರ ಪಕ್ಕಕ್ಕೆ ತಂದು ನಿಲ್ಲುವ ಸದ್ದು, ಬಹಳ ಹೊತ್ತು ಕೇಳಿಸುತ್ತಿತ್ತು. ಇವತ್ತು ಶಾಪ ಕೇಳಿಸಲಿಲ್ಲ. ಹೊಲಿಗೆಯವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತ ನಿಂತಳು. ಅವಳಿಗೆ ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಗಳು ಕೇಳಿದ್ದಳು, ಆದರೆ ತನ್ನನ್ನಲ್ಲ. ತನ್ನನ್ನಲ್ಲ, ಆದರೆ ಕೇಳಿದ್ದಳು. ಆ ಎರಡು ಮಾತು ಒಂದನ್ನೊಂದು ಅಟ್ಟಿಕೊಂಡು ತಿರುಗುತ್ತಿದ್ದವು, ಯಾವುದೂ ನಿಲ್ಲುತ್ತಿರಲಿಲ್ಲ. ಕಣ್ಣಿಂದ ನೀರು ಬಂತು, ಯಾವುದಕ್ಕೆ ಬಂತೆಂದು ಅವಳು ವಿಚಾರಿಸಲು ಹೋಗಲಿಲ್ಲ.

ಗುಂಡಿಗಳ ಸದ್ದಿಗೆ ಎಚ್ಚರವಾಗಿರಬೇಕು, ಗಂಡ ಕಣ್ಣುಜ್ಜಿಕೊಳ್ಳುತ್ತ ಹೊರಗೆ ಬಂದ.

“ಬಾಗಿಲು ಯಾಕೆ ತೆಗೆದಿದೆ? ಎಲ್ಲಿ ಎಲ್ಲಾ?”

“ಗಲ್ಲಿಗೆ ಹೋದ್ರು. ಇವಳು ಚಿತ್ರ ಕೊಟ್ಟು ಕೇಳಿದ್ಲು.”

ಅವನ ನಿದ್ದೆ ಪೂರ್ತಿ ಹಾರಿತು. “ನಿನ್ನನ್ನಾ?”

“ಇಲ್ಲ. ನಿಮ್ಮಮ್ಮನ್ನ.”

ಅವನು ಬಗ್ಗಿ ಗುಂಡಿ ಆರಿಸತೊಡಗಿದ. ಹೊಲಿಗೆಯವಳು ಮುಖ ಒರೆಸಿಕೊಂಡಳು. ಯಂತ್ರದ ಮೇಲೆ ಕೆಲಸ ಬಿದ್ದಿತ್ತು, ಅದರ ಕಡೆ ನೋಡಲಿಲ್ಲ. ಹೋಗಿ ಹಲಗೆಯ ಪಕ್ಕ, ಗೋಡೆಗೆ ಬೆನ್ನು ಕೊಟ್ಟು, ಮತ್ತೆ ನೆಲದ ಮೇಲೆ ಕೂತು ಕೈ ಚಾಚಿದಳು.

“ಈಗ್ಯಾಕೆ ಅಲ್ಲಿ ಕೂತೆ?” ಅಂದ ಗಂಡ. “ಅವಳು ಮನೇಲೇ ಇಲ್ವಲ್ಲ.”

“ಬರ್ತಾಳಲ್ಲ,” ಅಂದಳು.